ಜಗಳಕ್ಕೆ ಮೊದಲು ಕಾಗದ

ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ತುಂಬುವ ಕೆಲಸ, ತೆರೆದಿರುವುದು ಕೆಲವೇ ದಿನ. ಮಗಳನ್ನು ಮುಂದೆ ಓದಿಸಬೇಕೋ ಬೇಡವೋ ಎಂಬ ಮನೆಯ ಜಗಳಕ್ಕೆ ಅಂಥ ಗಡುವೇನೂ ಇಲ್ಲ, ಯುಗಾದಿಗೆ ಶುರುವಾದದ್ದು ಗೌರಿ ಹಬ್ಬದ ತನಕ ನಡೆದೀತು. ಅಷ್ಟರಲ್ಲಿ ಸೀಟು ಹಂಚಿಕೆ ಮುಗಿದಿರುತ್ತದೆ, ಡಿಗ್ರಿ ಕಾಲೇಜಿಗೆ ದಂಡ ಕಟ್ಟಿ ಸೇರುವ ಕೊನೇ ದಿನವೂ ದಾಟಿರುತ್ತದೆ. ಅಪ್ಪ ಕೊನೆಗೊಮ್ಮೆ "ಹಾಳಾಗಿ ಹೋಗಲಿ, ಓದಲಿ" ಅಂದ ದಿನ ಸೇರಲು ಜಾಗವೇ ಇರುವುದಿಲ್ಲ. ಪಿಯುಸಿ ಆದಮೇಲೆ ಮನೆಯಲ್ಲೇ ಉಳಿದ ಹುಡುಗಿಯರನ್ನು ಕೇಳಿ ನೋಡಿ. "ಬೇಡ ಅಂದರು" ಎಂದು ಶುರುವಾಗುವ ಕಥೆ ಸ್ವಲ್ಪ ಹೊತ್ತಿಗೆ "ಆಮೇಲೆ ಒಪ್ಪಿದ್ರು, ಆದರೆ ಇನ್‌ಕಮ್ ಸರ್ಟಿಫಿಕೇಟ್ ಇರಲಿಲ್ಲ" ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಕಾಗದ, ಆಮೇಲೆ ದುಡ್ಡಿನ ಲೆಕ್ಕ, ಆಮೇಲೆ ಮಾತು. ಕಾನೂನು ಕಟ್ಟಕಡೆಗೆ. ಬಹಳಷ್ಟು ಮಂದಿ ಮಾತಿನಿಂದ ಶುರುಮಾಡುತ್ತಾರೆ, ಅಳುವಿನಲ್ಲಿ ಮುಗಿಸುತ್ತಾರೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮೊಬೈಲ್ ನಂಬರ್. ನಿಮ್ಮ ಆಧಾರ್‌ಗೆ ಜೋಡಿಸಿರುವ ನಂಬರ್ ಇವತ್ತು ಯಾರ ಜೇಬಿನಲ್ಲಿದೆ? ಸಾಮಾನ್ಯವಾಗಿ ಅಪ್ಪನದು, ಇಲ್ಲವೇ ಅಣ್ಣನದು. ಪ್ರೈಮರಿ ಶಾಲೆಯಲ್ಲಿದ್ದಾಗ ಕೊಟ್ಟ ನಂಬರ್ ರೀಚಾರ್ಜ್ ಇಲ್ಲದೆ ಸತ್ತು, ಬೇರೆ ಊರಿನ ಬೇರೆ ಯಾರಿಗೋ ಸಿಕ್ಕಿರುವುದೂ ಉಂಟು. ದಾಖಲೆ ಇಡುವ ಸರ್ಕಾರಿ ಆ್ಯಪ್ ಡಿಜಿಲಾಕರ್ ತೆರೆಯಲು, ಇ-ಆಧಾರ್ ಇಳಿಸಿಕೊಳ್ಳಲು, ವಿದ್ಯಾರ್ಥಿವೇತನದ ಅರ್ಜಿ ಹಾಕಲು ಒಟಿಪಿ ಬರುವುದು ಅದೇ ನಂಬರಿಗೆ. ಅಣ್ಣ ಗದ್ದೆಯಲ್ಲೋ ಗ್ಯಾರೇಜಿನಲ್ಲೋ ಇದ್ದರೆ ಹತ್ತು ನಿಮಿಷದಲ್ಲಿ ಒಟಿಪಿಯ ಅವಧಿ ಮುಗಿಯುತ್ತದೆ. ಬೇಡ ಅನ್ನುವ ಅಣ್ಣನಾದರೆ ನೀವು ಏನೇನು ಅರ್ಜಿ ಹಾಕುತ್ತಿದ್ದೀರಿ ಎಂಬುದು ನಿಮಗಿಂತ ಮೊದಲು ಅವನಿಗೇ ಗೊತ್ತಾಗುತ್ತದೆ. ನಂಬರ್ ಬದಲಾಯಿಸಲು ದಾಖಲೆ ಏನೂ ಬೇಡ. ಆಧಾರ್ ಕೇಂದ್ರಕ್ಕೋ ಆಧಾರ್ ಸೇವೆ ಇರುವ ಅಂಚೆ ಕಚೇರಿಗೋ ಹೋಗಿ ಬೆರಳಚ್ಚು ಕೊಟ್ಟರೆ ಸಾಕು, ನೂರು ರೂಪಾಯಿಯೊಳಗಿನ ಕೆಲಸ. ಹದಿನೆಂಟು ತುಂಬುವ ಮುಂಚೆ ನಿಮ್ಮ ಹೆಸರಲ್ಲಿ ಸಿಮ್ ಸಿಗುವುದಿಲ್ಲ. ಅಮ್ಮ ನಿಮ್ಮ ಕಡೆ ಇದ್ದರೆ ಅವರ ಹೆಸರಿನಲ್ಲಿ ಒಂದು ತೆಗೆಸಿ ಅದನ್ನೇ ಜೋಡಿಸಿ.

ಸೈಬರ್ ಸೆಂಟರಿನಲ್ಲಿ ಇದೇ ತಪ್ಪು ಇನ್ನೊಂದು ರೂಪದಲ್ಲಿ ಆಗುತ್ತದೆ. ಸಿಇಟಿ ಅರ್ಜಿ ತುಂಬಿಸಲು ಹೋದ ದಿನ ಮೊಬೈಲ್ ಕೈಯಲ್ಲಿ ಇರುವುದಿಲ್ಲ, ಅಂಗಡಿಯವನು ಬೇಗ ಮುಗಿಯಲಿ ಎಂದು ತನ್ನದೇ ನಂಬರ್, ತನ್ನದೇ ಇ-ಮೇಲ್ ಹಾಕಿ ಕಳಿಸುತ್ತಾನೆ. ಆಪ್ಷನ್ ಎಂಟ್ರಿ ದಿನ ಪಾಸ್‌ವರ್ಡ್ ಮರೆತರೆ ಅವನ ಅಂಗಡಿ ಬಾಗಿಲು ತೆಗೆಯುವ ತನಕ ಕಾಯಬೇಕು. ಅರ್ಜಿ ಸಂಖ್ಯೆ, ಯೂಸರ್ ಐಡಿ, ಪಾಸ್‌ವರ್ಡ್ ಮೂರನ್ನೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೈಯಾರೆ ಬರೆದಿಟ್ಟುಕೊಳ್ಳಿ.

ಇನ್ನು ಮೂಲ ದಾಖಲೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಟಿಸಿ, ಜಾತಿ-ಆದಾಯ ಪತ್ರ ಇವೆಲ್ಲ ಸಾಮಾನ್ಯವಾಗಿ ಅಪ್ಪನ ಬೀರುವಿನಲ್ಲಿ ಜಮೀನು ಪತ್ರದ ಜೊತೆ ಇರುತ್ತವೆ. ಜಗಳ ಬಿಸಿಯಾದ ದಿನ ಬೀರುವಿಗೆ ಬೀಗ ಬೀಳುತ್ತದೆ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ. ನೀವೇ ಫೋಟೋ ತೆಗೆದು ಅಪ್‌ಲೋಡ್ ಮಾಡಿದ್ದಲ್ಲ, ಇಲಾಖೆಯೇ ನೀಡಿದ ಪ್ರತಿ ಆಗಿದ್ದರೆ ಅದಕ್ಕೆ ಕಾನೂನಿನಲ್ಲಿ ಮೂಲಪ್ರತಿಯಷ್ಟೇ ಬೆಲೆ. ಆದರೆ ಕೆಲವು ಕಾಲೇಜಿನ ಕಚೇರಿಗಳು ಇವತ್ತಿಗೂ ಕಾಗದವನ್ನೇ ಕೇಳುತ್ತವೆ, ಟಿಸಿಯಂತೂ ಕಾಗದದಲ್ಲೇ ಬೇಕು. ಹಾಗಾಗಿ ಎಲ್ಲದರ ಎರಡು ಸೆಟ್ ಜೆರಾಕ್ಸ್ ಮಾಡಿಸಿ ಒಂದನ್ನು ಮನೆಯಿಂದ ಹೊರಗೆ, ಗೆಳತಿಯ ಮನೆಯಲ್ಲೋ ನಂಬಿಕೆಯ ಉಪನ್ಯಾಸಕಿಯ ಹತ್ತಿರವೋ ಇಡಿ. ಅಂಕಪಟ್ಟಿ ನಿಜಕ್ಕೂ ಕಳೆದರೆ ಅಥವಾ ಹರಿದರೆ ಓದಿದ ಶಾಲೆ, ಕಾಲೇಜಿನ ಮೂಲಕ ಪರೀಕ್ಷಾ ಮಂಡಳಿಯಿಂದ ನಕಲು ಪ್ರತಿ ತರಿಸಬಹುದು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ ಎಂಬುದು ತಲೆಯಲ್ಲಿರಲಿ.

ಕಾಗದ ಕೈಗೆ ಬಂದಾಗ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಅಂಕಪಟ್ಟಿಯಲ್ಲಿ "ಕವಿತಾ ಎಂ", ಆಧಾರ್‌ನಲ್ಲಿ "ಕವಿತ ಮಂಜುನಾಥ". ಮನುಷ್ಯರ ಕಣ್ಣಿಗೆ ಇಬ್ಬರೂ ಒಬ್ಬರೇ, ತಂತ್ರಾಂಶಕ್ಕೆ ಬೇರೆ ಬೇರೆ. ತಿದ್ದುವುದಾದರೆ ಆಧಾರ್ ತಿದ್ದಿಸಿ, ಎಸ್ಸೆಸ್ಸೆಲ್ಸಿಗೆ ಸರಿಹೊಂದುವ ಹಾಗೆ. ಎಸ್ಸೆಸ್ಸೆಲ್ಸಿ ದಾಖಲೆ ತಿದ್ದಿಸುವುದು ಬೆಟ್ಟ ಅಗೆಯುವ ಕೆಲಸ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಸೈಬರ್‌ನವನ ಕೈಗೆ ಬಿಟ್ಟು ಟೀ ಕುಡಿಯಲು ಹೋಗಬೇಡಿ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಆದಾಯ ಪತ್ರದ ಬಾಳಿಕೆ ಐದು ವರ್ಷ. ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು ಸರಿಯಾಗಿ ಸಿಇಟಿ ದಾಖಲೆ ಪರಿಶೀಲನೆ ಹೊತ್ತಿಗೆ ಸತ್ತಿರುತ್ತದೆ! ಪತ್ರದ ಮೇಲೆ "ಆರ್‌ಡಿ" ಎಂದು ಶುರುವಾಗುವ ಉದ್ದನೆಯ ಸಂಖ್ಯೆಯೇ ಅದರ ಜೀವ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಅರ್ಜಿಯಲ್ಲಿ, ರಾಜ್ಯ ವಿದ್ಯಾರ್ಥಿವೇತನದ ಜಾಲತಾಣ ಎಸ್‌ಎಸ್‌ಪಿಯಲ್ಲಿ, ಹಾಸ್ಟೆಲ್ ಅರ್ಜಿಯಲ್ಲಿ ಎಲ್ಲೆಡೆ ಕೇಳುವುದು ಅದನ್ನೇ. ಇದಕ್ಕೆ ರೇಷನ್ ಕಾರ್ಡ್ ಬೇಕು, ಗ್ರಾಮ ಆಡಳಿತಾಧಿಕಾರಿಯ ವರದಿಯೂ ಬೇಕಾಗಬಹುದು, ಅಂದರೆ ಮನೆಯವರ ಕಿವಿಗೆ ಬೀಳದೆ ಆಗುವ ಕೆಲಸವಲ್ಲ. ಆದರೆ ಇದನ್ನು ಕೇಳಲು ಕಾಲೇಜಿನ ಹೆಸರು ಎತ್ತಲೇಬೇಕಿಲ್ಲ. ಸೆಕೆಂಡ್ ಪಿಯುಸಿಯ ದಸರಾ ರಜೆಯಲ್ಲಿ "ಸ್ಕಾಲರ್‌ಶಿಪ್‌ಗೆ ಬೇಕಂತೆ" ಅಂದರೆ ಮುಗಿಯಿತು, ಸುಳ್ಳೂ ಅಲ್ಲ. ಇದೇ ಕೆಲಸ ಮೇ ತಿಂಗಳಲ್ಲಿ ಯುದ್ಧವಾಗುತ್ತದೆ.

ಒಂದರಿಂದ ಹತ್ತನೇ ತರಗತಿ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಶಾಲಾ ದಾಖಲೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಯಾವುದಾದರೂ ವರ್ಷ ಬಿಟ್ಟುಹೋಗಿದ್ದರೆ ಆ ಶಾಲೆಯ ಹೆಡ್‌ಮಾಸ್ತರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಮೂರನೇ ಕ್ಲಾಸನ್ನು ಅಜ್ಜಿಯ ಊರಿನಲ್ಲಿ ಓದಿದವರು ಅಲ್ಲಿಗೇ ಹೋಗಬೇಕಾಗುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು ಉಪವಿಭಾಗಾಧಿಕಾರಿ ಕಚೇರಿಯಿಂದ ಆ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪತ್ರ ತರುವುದನ್ನು ಮರೆಯಬಾರದು. ಆ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ, ಉಳಿದ ಕರ್ನಾಟಕದಲ್ಲಿ ಶೇ. 8. ಮನೆ ಹತ್ತಿರದ ಕಾಲೇಜಿನಲ್ಲೇ ಒಳ್ಳೆಯ ಸೀಟು ಸಿಕ್ಕರೆ ಮನೆಯ ಅರ್ಧ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ಆಪ್ಷನ್ ಎಂಟ್ರಿ ವಿಷಯದಲ್ಲಿ ವಿರೋಧ ಇರುವ ಮನೆಯ ಹುಡುಗಿ ಬೇರೆಯವರ ಹಾಗೆ ಯೋಚಿಸಬಾರದು. ಗೆಳತಿಯರು ಬೆಂಗಳೂರಿನ ಹೆಸರುವಾಸಿ ಕಾಲೇಜುಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸುತ್ತಾರೆ. ನೀವು ಮೊದಲು ಕೇಳಿಕೊಳ್ಳಬೇಕಾದದ್ದು: ಈ ಊರಿನಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್ ಇದೆಯೇ, ನೆಂಟರ ಮನೆ ಇದೆಯೇ, ಬಸ್ಸಿನಲ್ಲಿ ಹೋಗಿ ಬರಬಹುದೇ? ಅಪ್ಪ ಒಪ್ಪುವ ಸಾಧ್ಯತೆಯೇ ಇಲ್ಲದ ಊರಿನ ಕಾಲೇಜನ್ನು ಮೇಲೆ ಹಾಕಿದರೆ, ಸಿಕ್ಕಿದ ಆ ಸೀಟೇ ಕೆಳಗಿನ ಒಪ್ಪಬಹುದಾದ ಕಾಲೇಜನ್ನು ತಪ್ಪಿಸುತ್ತದೆ. ಏಕೆಂದರೆ ಯಂತ್ರ ಮೇಲಿನಿಂದ ನೋಡುತ್ತಾ ಬಂದು ಮೊದಲು ದಕ್ಕಿದ್ದರಲ್ಲಿ ನಿಲ್ಲುತ್ತದೆ. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್: ಒಂದು, ಒಪ್ಪಿ ಸೇರುವುದು, ಎರಡು, ಶುಲ್ಕ ಕಟ್ಟಿ ಇದನ್ನು ಹಿಡಿದಿಟ್ಟುಕೊಂಡು ಮುಂದಿನ ಸುತ್ತಿಗೂ ಹೋಗುವುದು, ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕು, ಹೊರಗೆ ಬರುವುದು. ಮನೆಯಲ್ಲಿ ಇನ್ನೂ ಮಾತು ಹರಿಯದಿದ್ದರೆ ಎರಡನೆಯದು ಕೆಲವು ದಿನ ಕೊಂಡುಕೊಡುತ್ತದೆ. ಮೂರನೆಯದು ಜೂಜು. ತಡವಾಗಿ ಸೀಟು ಬಿಟ್ಟರೆ ದಂಡ ಬೀಳುವ ನಿಯಮವೂ ಇದೆ, ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ಆ ಪುಟವನ್ನು ಓದಿಯೇ ಕ್ಲಿಕ್ ಮಾಡಿ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಶೇ. 5 ಸೀಟು ಇವೆ, ಅವುಗಳಿಗೆ ಬೋಧನಾ ಶುಲ್ಕ ಇಲ್ಲ. ಅರ್ಜಿಯಲ್ಲೇ ಅದನ್ನು ಕೇಳಿರಬೇಕು.

ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ ಇಷ್ಟೊಂದು ರಗಳೆ ಇಲ್ಲ. ರಾಜ್ಯದ ವಿಶ್ವವಿದ್ಯಾಲಯಗಳ ಜಾಲತಾಣವಾದ ಯುಯುಸಿಎಂಎಸ್‌ನಲ್ಲಿ ಅರ್ಜಿ ಹಾಕಿ ಕಾಲೇಜಿಗೆ ಹೋಗಿ ದಾಖಲೆ ತೋರಿಸಿದರೆ ಆಯಿತು. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರೇ ವರ್ಷದ್ದು. "ನಾಲ್ಕು ವರ್ಷ ಯಾರು ಕಾಯ್ತಾರೆ" ಎಂದು ಹಳೇ ಸುದ್ದಿ ಹಿಡಿದು ವಾದಿಸುವ ದೊಡ್ಡಪ್ಪಂದಿರಿಗೆ ಹೇಳಲು ಇಷ್ಟು ಸಾಕು.

ಈಗ ದುಡ್ಡು. ಒಂದು ಬಿಳಿ ಹಾಳೆ ತೆಗೆದುಕೊಂಡು ವರ್ಷದ ಖರ್ಚನ್ನು ಕೈಬರಹದಲ್ಲಿ ಬರೆಯಿರಿ. ಕಾಲೇಜು ಶುಲ್ಕ, ಪರೀಕ್ಷಾ ಶುಲ್ಕ, ಪುಸ್ತಕ, ಹಾಸ್ಟೆಲ್, ಬಸ್ಸು, ಬಟ್ಟೆ, ಮೊಬೈಲ್ ರೀಚಾರ್ಜ್. ಪ್ರತಿ ಸಾಲಿನ ಎದುರು ಅದು ಎಲ್ಲಿಂದ ಬರುತ್ತದೆ ಎಂದೂ ಬರೆಯಿರಿ. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ, ಉಳಿಯುವುದು ವಿಶ್ವವಿದ್ಯಾಲಯದ ಮತ್ತು ಪರೀಕ್ಷೆಯ ಶುಲ್ಕ. ಬಸ್ಸಿನ ಸಾಲಿನ ಎದುರು ಸೊನ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ, ರಾಜಹಂಸ, ಐರಾವತ ಬಿಟ್ಟು. ಇಂಥ ಹಾಳೆ ಮಾಡುವ ಕೆಲಸ ಮಾತ್ರ ನಾಟಕೀಯವಾಗಿ ಮಾಡಬೇಡಿ. ಅಪ್ಪನ ಮುಂದೆ ಓದಿ ಹೇಳುವುದಕ್ಕಿಂತ ಮೇಜಿನ ಮೇಲೆ ಬಿಟ್ಟುಹೋದರೆ ಅವರೇ ಎತ್ತಿ ನೋಡುತ್ತಾರೆ.

ಸ್ಕಾಲರ್‌ಶಿಪ್‌ಗಳಲ್ಲಿ ದೊಡ್ಡವು ಯಾವುವು? ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ರೆಗ್ಯುಲರ್ ಆಗಿ ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಮಾನ್ಯತೆಯ ಕೋರ್ಸಿನ ಮೊದಲ ವರ್ಷದವರಿಗೆ ಪ್ರಗತಿ: ವರ್ಷಕ್ಕೆ 50,000, ಆದಾಯದ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳ ತನಕ. ಪಿಯುಸಿಯಲ್ಲಿ ಮೇಲಿನ ಅಂಕ ಬಂದು ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ವಿದ್ಯಾರ್ಥಿವೇತನ, ಪದವಿಗೆ ವರ್ಷಕ್ಕೆ 12,000. ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೇ ಮೀಸಲು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ, ಹತ್ತು ತಿಂಗಳು ತಿಂಗಳಿಗಿಷ್ಟೆಂದು. ಕಾಲೇಜು ಶಿಕ್ಷಣ ಇಲಾಖೆಯ ಸಂಚಿ ಹೊನ್ನಮ್ಮ ವಿದ್ಯಾರ್ಥಿವೇತನದ ಮೊತ್ತ ಚಿಕ್ಕದು, ಹೆಸರು ಮಾತ್ರ ಬಹಳ ಚೆನ್ನಾಗಿದೆ. ಹದಿನೇಳನೇ ಶತಮಾನದಲ್ಲಿ ಮೈಸೂರು ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುತ್ತಲೇ ಓದು ಕಲಿತು ಕವಿಯಾದವಳು ಅವಳು.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಖಾತೆ. ಈ ದುಡ್ಡು ಬಹುಪಾಲು ಆಧಾರ್ ಮೂಲಕ ಬರುವುದರಿಂದ ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಬೀಳುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಸೀಡ್ ಆಗಿದೆಯೋ, ಅಂದರೆ ಸರ್ಕಾರದ ಹಣ ಪಡೆಯಲು ಜೋಡಣೆಯಾಗಿದೆಯೋ, ಅಲ್ಲಿಗೆ ಹೋಗುತ್ತದೆ. ಏಳನೇ ಕ್ಲಾಸಿನಲ್ಲಿ ಶಾಲೆಯವರು ತೆರೆಸಿದ ಖಾತೆ ಈಗ ವ್ಯವಹಾರವಿಲ್ಲದೆ ನಿದ್ದೆ ಹೋಗಿದ್ದರೆ ಹಣ ಹಿಂದಿರುಗುತ್ತದೆ. ಅದು ಅಪ್ಪನ ಜೊತೆಗಿನ ಜಂಟಿ ಖಾತೆಯಾಗಿದ್ದರೆ ಬಂದದ್ದೇ ಗೊಬ್ಬರದ ಅಂಗಡಿಗೆ ಹೋಗಬಹುದು. ಹದಿನೆಂಟು ತುಂಬಿದ ವಾರವೇ ನಿಮ್ಮೊಬ್ಬರ ಹೆಸರಿನ ಜೀರೋ ಬ್ಯಾಲೆನ್ಸ್ ಖಾತೆ ತೆರೆದು, "ಎನ್‌ಪಿಸಿಐ ಸೀಡಿಂಗ್ ಮಾಡಿ" ಎಂದು ಆ ಪದವನ್ನೇ ಬಳಸಿ ಅರ್ಜಿ ಕೊಡಿ. "ಆಧಾರ್ ಲಿಂಕ್ ಆಗಿದೆ" ಎಂದು ಕೌಂಟರಿನವರು ಹೇಳುವುದು ಬರೀ ಗುರುತು ಪರಿಶೀಲನೆಯ (ಕೆವೈಸಿ) ಲಿಂಕ್ ಇರಬಹುದು, ಅದೇ ಬೇರೆ, ಇದೇ ಬೇರೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ ಖಾತರಿ ಮಾಡಿಕೊಳ್ಳಿ. ಎರಡನೆಯದು ಸಮಯ. ವಿದ್ಯಾರ್ಥಿವೇತನ ಬಿತ್ತನೆಗೆ ಬರುವ ಮಳೆಯಲ್ಲ, ಕೊಯ್ಲಿಗೆ ಬರುವ ಮಳೆ. ವರ್ಷದ ಕೊನೆಗೆ, ಕೆಲವೊಮ್ಮೆ ಮುಂದಿನ ವರ್ಷಕ್ಕೆ ಬರುತ್ತದೆ. ಮೊದಲ ಕಂತಿನ ಶುಲ್ಕ ಮತ್ತು ಮೂರು ತಿಂಗಳ ಖರ್ಚು ಬೇರೆ ಕಡೆಯಿಂದ ಹೊಂದಿಸಿರಬೇಕು. ಅಮ್ಮನಿಗೆ ಬರುವ ಗೃಹಲಕ್ಷ್ಮಿಯ ತಿಂಗಳ 2,000 ಎಷ್ಟೋ ಮನೆಯಲ್ಲಿ ಮಗಳ ಶುಲ್ಕಕ್ಕೇ ಹೋಗುತ್ತದೆ. ಅಮ್ಮನ ಜೊತೆ ಮೊದಲೇ ಮಾತಾಡಿ.

ಶಿಕ್ಷಣ ಸಾಲ? 4 ಲಕ್ಷದವರೆಗೆ ಅಡಮಾನವೂ ಬೇಡ, ಖರ್ಚಿನ ಒಂದು ಪಾಲೆಂದು ಕೈಯಿಂದ ಹಾಕುವ ಮಾರ್ಜಿನ್ ಹಣವೂ ಬೇಡ. ಕೇಂದ್ರದ ಗ್ಯಾರಂಟಿ ನಿಧಿಯಡಿ 7.5 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಹಲವು ಸರ್ಕಾರಿ ಬ್ಯಾಂಕುಗಳಲ್ಲಿ ಹುಡುಗಿಯರಿಗೆ ಬಡ್ಡಿಯಲ್ಲಿ ಅರ್ಧ ಶೇಕಡಾ ರಿಯಾಯಿತಿಯೂ ಇದೆ, ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ. ಆದರೆ ಸಾಮಾನ್ಯವಾಗಿ ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು, ಮನೆಯವರು ಪೂರ್ತಿ ವಿರುದ್ಧ ಇದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಅಪ್ಪನೇ ಆಗಬೇಕೆಂದಿಲ್ಲ, ಅಮ್ಮ ಸಹಿ ಹಾಕಬಹುದು. ಮದುವೆಯಾದವರಿಗೆ ಗಂಡ ಅಥವಾ ಅತ್ತೆ-ಮಾವ ಆಗುತ್ತಾರೆ. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡಮಾನ, ಜಾಮೀನುದಾರ ಎರಡೂ ಬೇಡ, ಆದರೆ ಅದು ಪಟ್ಟಿಯಲ್ಲಿರುವ ಉನ್ನತ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಮಾತ್ರ.

ಇಷ್ಟಾದ ಮೇಲೆ ಮಾತು. "ಬೇಡ" ಎಂಬ ಒಂದು ಪದದ ಹಿಂದೆ ನಾಲ್ಕು ಬೇರೆ ಬೇರೆ ಭಯ ಇರುತ್ತವೆ. ದುಡ್ಡು; ದಾರಿ (ಅಂದರೆ ಬಸ್ಸು, ಹಾಸ್ಟೆಲ್, ಸಂಜೆಯ ಕತ್ತಲು); ಊರ ಬಾಯಿ; ಮದುವೆ. ಮನೆಯವರು ಬಾಯಲ್ಲಿ ಹೇಳುವುದು ಬಹುಮಟ್ಟಿಗೆ ದುಡ್ಡಿನ ಕಾರಣ, ಏಕೆಂದರೆ ಅದು ಹೇಳಲು ಗೌರವದ್ದು. ಆ ಬಿಳಿ ಹಾಳೆಯ ನಿಜವಾದ ಉಪಯೋಗ ಇದೇ. ಖರ್ಚಿನ ಎಲ್ಲ ಸಾಲಿಗೂ ಉತ್ತರ ಸಿಕ್ಕ ಮೇಲೂ "ಬೇಡ" ಹಾಗೇ ಉಳಿದರೆ, ಅದು ಮೊದಲಿಂದಲೂ ದುಡ್ಡಿನ ಮಾತಾಗಿರಲಿಲ್ಲ. "ಹೆಚ್ಚು ಓದಿಸಿದರೆ ಅವಳಿಗಿಂತ ಹೆಚ್ಚು ಓದಿದ ಗಂಡು ಹುಡುಕಬೇಕು" ಎಂಬುದೋ, ಪಕ್ಕದ ಬೀದಿಯ ಹುಡುಗಿ ಯಾರನ್ನೋ ಮದುವೆಯಾದಳು ಎಂಬುದೋ ಆಗ ಹೊರಗೆ ಬರುತ್ತದೆ. ಅದಕ್ಕೆ ಸ್ಕಾಲರ್‌ಶಿಪ್‌ನ ಉತ್ತರ ಕೊಡುತ್ತಾ ಕೂತರೆ ಕಿವಿಗೆ ಬೀಳುವುದಿಲ್ಲ.

ದಾರಿಯ ಭಯಕ್ಕೆ ಹೆಣ್ಣುಮಕ್ಕಳ ಕಾಲೇಜು ಒಳ್ಳೆಯ ಉತ್ತರ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿದ ಮಹಿಳಾ ಕಾಲೇಜುಗಳು ಉತ್ತರ ಕರ್ನಾಟಕದ ಉದ್ದಕ್ಕೂ ಇವೆ, ಮೈಸೂರು, ಬೆಂಗಳೂರಿನಲ್ಲಿ ಮಹಾರಾಣಿ ಕಾಲೇಜುಗಳಿವೆ. "ಸಹಶಿಕ್ಷಣದಲ್ಲೇ ಓದುತ್ತೇನೆ" ಎಂದು ಹಟ ಹಿಡಿದು ಇಡೀ ಓದನ್ನೇ ಕಳೆದುಕೊಳ್ಳುವುದು ಜಾಣತನವಲ್ಲ. ಮೊದಲು ಮನೆಯಿಂದ ಹೊರಗೆ ಕಾಲಿಡಿ, ಸ್ನಾತಕೋತ್ತರಕ್ಕೆ ನಿಮ್ಮಿಷ್ಟದ ಕಡೆ ಹೋಗಬಹುದು. ಹಾಸ್ಟೆಲ್ ಅಂದರೆ ಬೆಚ್ಚುವ ಅಪ್ಪನನ್ನು ಅರ್ಜಿಗೆ ಮುಂಚೆ ಒಂದು ದಿನ ಕರೆದುಕೊಂಡು ಹೋಗಿ ವಾರ್ಡನ್ ಎದುರು ಕೂರಿಸಿ. ಭೇಟಿಗೆ ಬರುವವರ ಫೋಟೋ ಅಂಟಿಸಿದ ರಿಜಿಸ್ಟರು, ಸಂಜೆ ಗೇಟು ಹಾಕುವ ಸಮಯ ಇವು ನಿಮಗೆ ಕಿರಿಕಿರಿ, ಅವರಿಗೆ ಔಷಧಿ. ಹಾಸ್ಟೆಲ್ ಫಾರಂನಲ್ಲಿ ಸ್ಥಳೀಯ ಪೋಷಕರ ಹೆಸರು ಕೇಳುತ್ತಾರೆ. ಆ ಊರಿನ ಅತ್ತೆಯನ್ನೋ ಚಿಕ್ಕಮ್ಮನನ್ನೋ ಮೊದಲೇ ಒಪ್ಪಿಸಿಡಿ. ರ‍್ಯಾಗಿಂಗ್ ತಡೆ ಮುಚ್ಚಳಿಕೆಗೂ ವಿದ್ಯಾರ್ಥಿಯ ಜೊತೆ ಪೋಷಕರ ಒಪ್ಪಿಗೆ ಬೇಕು, ಅದೂ ಪ್ರತಿ ವರ್ಷ.

ಮನೆಯಲ್ಲಿ ನಿಜವಾಗಿ ತೀರ್ಮಾನ ಮಾಡುವವರು ಯಾರೆಂದು ನೋಡಿ. ಎಷ್ಟೋ ಕಡೆ ಅಪ್ಪ ಬರೀ ಬಾಯಿ, ಮಾತು ದೊಡ್ಡಪ್ಪನದೋ ಸೋದರಮಾವನದೋ. ಅಲ್ಲಿಗೆ ನೀವು ಹೋಗಬೇಡಿ, ಅವರ ಮಾತಿಗೆ ಬೆಲೆ ಕೊಡುವ ಉಪನ್ಯಾಸಕರನ್ನು ಕಳಿಸಿ. ಒಬ್ಬರೇ ಬೇಡ, ಇಬ್ಬರು, ಅದರಲ್ಲೊಬ್ಬರು ಹೆಂಗಸಾಗಿರಲಿ. ಹಬ್ಬದ ದಿನ, ಕೊಯ್ಲಿನ ವಾರ, ಇನ್ನೊಬ್ಬ ಮಗಳ ಮದುವೆ ಮಾತುಕತೆ ನಡೆಯುವಾಗ ಬೇಡ. ಕೇಳುವುದನ್ನೂ ಸಣ್ಣದಾಗಿ ಕೇಳಿ: "ಅರ್ಜಿ ಹಾಕಿರ್ತೀನಿ, ಸೇರೋದು ಬಿಡೋದು ಆಮೇಲೆ ನೋಡೋಣ." ಅರ್ಜಿಗೆ ಹೂಂ ಅನ್ನುವುದು ಸುಲಭ. ಕೈಗೆ ಬಂದ ಸರ್ಕಾರಿ ಸೀಟನ್ನು ಬಿಡುವುದು ಊರಿನಲ್ಲಿ ಅಪ್ಪನಿಗೂ ಕಷ್ಟ.

ಮದುವೆಯ ಮಾತು ಬಂದಾಗ "ಮದುವೆ ಆದ್ಮೇಲೆ ಓದಿಸ್ತಾರಂತೆ" ಎಂಬ ವಾಗ್ದಾನ ಜೊತೆಗೇ ಬರುತ್ತದೆ. ಕೊಡುವವರ ಮನಸ್ಸು ಕೆಟ್ಟದ್ದೇ ಎಂದಲ್ಲ. ಊರು ಬದಲಾಗಿ ವಿಶ್ವವಿದ್ಯಾಲಯ ಬದಲಾಗುತ್ತದೆ, ಶೇ. 75 ಹಾಜರಾತಿ ತಪ್ಪುತ್ತದೆ, ಮೊದಲ ಆಷಾಢ, ಮೊದಲ ದೀಪಾವಳಿ ಎಂದು ಸೆಮಿಸ್ಟರ್ ಕರಗುತ್ತದೆ. ಅದಕ್ಕಿಂತ "ಈ ಡಿಗ್ರಿ ಮುಗಿಯಲಿ, ಇಂಥ ವರ್ಷದ ಜೂನ್ ಆದ ಮೇಲೆ ಗಂಡು ನೋಡಿ" ಎಂದು ದಿನಾಂಕ ಹೇಳಿ ಚೌಕಾಸಿ ಮಾಡುವುದು ಮೇಲು. ಮದುವೆ ನಿಂತೇ ಹೋಗುವುದಿಲ್ಲ ಎಂದಾದರೆ ಮೂರು ಕೆಲಸ: ಆ ವರ್ಷದ ಶುಲ್ಕ ಮತ್ತು ಪರೀಕ್ಷಾ ಅರ್ಜಿ ಮದುವೆಗೆ ಮುಂಚೆಯೇ ಕಟ್ಟಿಬಿಡಿ; ಟಿಸಿ ತೆಗೆದುಕೊಳ್ಳಬೇಡಿ; ಪದವಿ ಮುಗಿಯುವ ತನಕ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಬೇಡಿ. ಈ ಕೊನೆಯದಕ್ಕೆ ಅತ್ತೆ ಮನೆಯಲ್ಲಿ ಮುನಿಸು ಬರಬಹುದು, ಆದರೆ ಸೇರಿಸಿದ ಮರುದಿನದಿಂದ ನಿಮ್ಮ ಆಧಾರ್ ಒಬ್ಬಳದು, ಅಂಕಪಟ್ಟಿ ಇನ್ನೊಬ್ಬಳದು. ಪಿಎಚ್.ಡಿ. ಮಾಡುವವರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಲ್ಲಿ 240 ದಿನ ಹೆರಿಗೆ ರಜೆ ಇದೆ, ಅವಧಿಯಲ್ಲೂ ಎರಡು ವರ್ಷ ಹೆಚ್ಚುವರಿ ಸಿಗುತ್ತದೆ. ಸ್ನಾತಕೋತ್ತರದಿಂದ ಮುಂದಕ್ಕೆ ಓದೇ ದುಡ್ಡು ತರುತ್ತದೆ ಎಂಬುದನ್ನೂ ಮನೆಯಲ್ಲಿ ಹೇಳಿ. ಗೇಟ್ ಎಂಬ ಪ್ರವೇಶ ಪರೀಕ್ಷೆ ಪಾಸಾಗಿ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400, ಸಂಶೋಧನೆಗೆ ಕೊಡುವ ಫೆಲೋಶಿಪ್ ಜೆಆರ್‌ಎಫ್ ಆದರೆ 37,000. ಊರಿನಲ್ಲಿ 37,000 ಎಂದರೆ ಅದು ಓದು ಅಲ್ಲ, ನೌಕರಿ, ಬಾಯಿ ಮುಚ್ಚಿಸುತ್ತದೆ.

ಕಾಲೇಜಿಗೆ ಹೋಗುವುದೇ ಆಗದಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅಥವಾ ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋ. ಜುಲೈ ಮತ್ತು ಜನವರಿ ಎರಡು ಸಲ ಪ್ರವೇಶ, ಪುಸ್ತಕ ಓದಿಕೊಂಡು ಪರೀಕ್ಷೆಗೆ ಹೋದರೆ ಆಯಿತು. ಸೇರುವ ಮುಂಚೆ ಆ ಕೋರ್ಸಿಗೆ ಆ ವರ್ಷ ಯುಜಿಸಿಯ ದೂರಶಿಕ್ಷಣ ಮಾನ್ಯತೆ ಇದೆಯೇ ಎಂದು ನೋಡಿ. "ಒಂದೇ ವರ್ಷಕ್ಕೆ ಡಿಗ್ರಿ" ಎಂದು ಬೋರ್ಡು ಹಾಕಿದ ಅಂಗಡಿಗಳ ಕಡೆ ತಿರುಗಿಯೂ ನೋಡಬೇಡಿ.

ಕಾನೂನಿನ ವಿಷಯ. ಹದಿನೆಂಟು ತುಂಬದವರಿಗೆ ಮದುವೆ ಮಾಡಲು ಹೊರಟರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಹೆಸರು ಹೇಳಬೇಕಿಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಮೂಲಕ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಆದರೂ ಮೊದಲಿನಿಂದಲೇ ಅಸಿಂಧು. ಹದಿನೆಂಟು ತುಂಬಿದವರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬರೀ ಗಂಡನ ಮನೆಗಲ್ಲ, ತವರಿಗೂ ಅನ್ವಯಿಸುತ್ತದೆ. ಅದರ ನಿಯಮಗಳ ಜೊತೆಗಿರುವ ದೂರಿನ ನಮೂನೆಯನ್ನು ತೆಗೆದು ನೋಡಿ. ಮಾತಿನ ಮತ್ತು ಮಾನಸಿಕ ಹಿಂಸೆಯ ಪಟ್ಟಿಯಲ್ಲಿ ಶಾಲೆ-ಕಾಲೇಜಿಗೆ ಹೋಗದಂತೆ ತಡೆಯುವುದು, ಇಷ್ಟವಿಲ್ಲದ ಮದುವೆಗೆ ಬಲವಂತ ಮಾಡುವುದು ಎರಡೂ ಒಂದೊಂದು ಸಾಲಾಗಿ ಅಚ್ಚಾಗಿವೆ, ಗುರುತು ಹಾಕಿದರೆ ಸಾಕು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಜೀವನಾಂಶ ಎಂಬ ಪದದೊಳಗೇ ಶಿಕ್ಷಣ ಸೇರಿದೆ. ತಂದೆ-ತಾಯಿಯಿಂದ ಓದಿನ ಖರ್ಚು ಪಡೆಯುವುದು ಮಗಳ ಹಕ್ಕು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ, ನಂಬರ್ 15100. ಆದರೆ ಈ ಮೆಟ್ಟಿಲು ಹತ್ತಿದ ಮೇಲೆ ಮನೆಯ ಅಡುಗೆಮನೆಯಲ್ಲಿ ಮೊದಲಿನ ಹಾಗೆ ಕೂತು ಊಟ ಮಾಡುವುದು ಕಷ್ಟ, ಅದಕ್ಕೇ ಇದು ಕಡೆಗೆ.

ಹೊಡೆತ, ಕೂಡಿಹಾಕುವುದು ಶುರುವಾಗಿದ್ದರೆ ಮಾತ್ರ ಕಾಯಬೇಡಿ: ತುರ್ತು ನಂಬರ್ 112 ಅಥವಾ ಮಹಿಳಾ ಸಹಾಯವಾಣಿ 181. ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರದಲ್ಲಿ ಐದು ದಿನ ತನಕ ಇರಲು ಜಾಗ ಸಿಗುತ್ತದೆ, ಆಮೇಲೆ ಹೆಂಗಸರ ಆಶ್ರಯಧಾಮ ಶಕ್ತಿ ಸದನಕ್ಕೆ ಕಳಿಸುತ್ತಾರೆ. ಹದಿನೆಂಟು ತುಂಬಿದವರು ಮನೆ ಬಿಡಲೇಬೇಕಾದರೆ ಮೈಮೇಲಿನ ಒಡವೆ ಬಿಚ್ಚಿಟ್ಟು ಹೋಗಿ, ಬೀರುವಿನ ದುಡ್ಡು ಮುಟ್ಟಬೇಡಿ. ನಾಪತ್ತೆ ದೂರಿನ ಹಿಂದೆಯೇ ಕಳ್ಳತನದ ದೂರು ಬರುವುದು ಹಳೇ ಪಟ್ಟು. ನಿಮ್ಮ ಬಟ್ಟೆ, ನಿಮ್ಮ ದಾಖಲೆ, ಅಷ್ಟೇ. "ವಯಸ್ಕಳು, ಸ್ವಇಚ್ಛೆಯಿಂದ ಓದಲು ಹೋಗುತ್ತಿದ್ದೇನೆ" ಎಂದು ಎರಡು ಪ್ರತಿ ಬರೆದು ಠಾಣೆಯಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು ಹಾಕಿಸಿಕೊಳ್ಳಿ.

ಸೇರಿದ ಮೇಲೂ ಅರ್ಧದಲ್ಲಿ ಬಿಡಿಸಲು ಬರುವವರಿರುತ್ತಾರೆ. ಪರಿಶೀಲನೆ ಆದ ಮೇಲೆ ಕಾಲೇಜು ಮೂಲ ಅಂಕಪಟ್ಟಿ ಇಟ್ಟುಕೊಳ್ಳುವಂತಿಲ್ಲ ಎಂದು 2018ರ ಯುಜಿಸಿ ಅಧಿಸೂಚನೆ ಹೇಳುತ್ತದೆ. ಅವನ್ನು ವಾಪಸ್ ಪಡೆದು ಹಾಸ್ಟೆಲಿನ ಟ್ರಂಕಿನಲ್ಲಿ ಇಡಿ, ಮನೆಗೆ ಕಳಿಸಬೇಡಿ. ಟಿಸಿ ಕೇಳಲು ಯಾರಾದರೂ ಬಂದರೆ ನಿಮ್ಮ ಸಹಿ ಇಲ್ಲದೆ ಕೊಡಬಾರದೆಂದು ಪ್ರಾಂಶುಪಾಲರಿಗೆ ಮೊದಲೇ ಒಂದು ಅರ್ಜಿ ಬರೆದಿಡಿ, ಇನ್ವರ್ಡ್ ನಂಬರ್ ಹಾಕಿಸಿ. ವಿದ್ಯಾರ್ಥಿವೇತನವನ್ನು ಪ್ರತಿ ವರ್ಷ ನವೀಕರಿಸಬೇಕು, ಮೊದಲ ವರ್ಷ ಬಂತೆಂದು ಎರಡನೇ ವರ್ಷ ತಾನಾಗಿ ಬರುವುದಿಲ್ಲ. ನವೀಕರಣದ ಒಟಿಪಿ ಕೂಡ ಆ ಆಧಾರ್ ನಂಬರಿಗೇ ಬರುವುದು, ಆದ್ದರಿಂದ ಊಟ ಬಿಟ್ಟರೂ ಆ ಸಿಮ್ಮಿಗೆ ರೀಚಾರ್ಜ್ ಮಾಡಿಸುವುದು ಬಿಡಬೇಡಿ.